ಇಳಿದು ಬರುವ ನಗರ: ಪತನ, ವಿಮೋಚನೆ, ನವಸೃಷ್ಟಿಯ ಬಗ್ಗೆ ಕ್ರೈಸ್ತರ ನಂಬಿಕೆ

ಕ್ರೈಸ್ತ ಧರ್ಮದ ತಿರುಳೇನು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: ಆದಾಮ ಹವ್ವ ಹಣ್ಣು ತಿಂದರು, ಪಾಪ ಬಂತು, ಯೇಸು ಶಿಲುಬೆಯ ಮೇಲೆ ಪ್ರಾಣ ಕೊಟ್ಟ, ಪಾಪ ಹೋಯಿತು, ನಂಬಿದವರು ಸತ್ತ ಮೇಲೆ ಸ್ವರ್ಗಕ್ಕೆ ಹೋಗುತ್ತಾರೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರಲ್ಲೂ ಅನೇಕರು ಹೀಗೆಯೇ ಹೇಳುತ್ತಾರೆ. ಮೊದಲೆರಡು ಮಾತುಗಳು ಒರಟಾದರೂ ಸರಿಯೇ. ತೊಡಕಿರುವುದು ಮೂರನೆಯದರಲ್ಲಿ, ಸತ್ತ ಮೇಲೆ ಸ್ವರ್ಗಕ್ಕೆ ಹೋಗುವ ಮಾತಿನಲ್ಲಿ. ಬೈಬಲ್ಲಿನ ಕಟ್ಟಕಡೆಯ ಪುಸ್ತಕ 'ಪ್ರಕಟಣೆ'. ಅದರ 21ನೆಯ ಅಧ್ಯಾಯವನ್ನು ತೆರೆದರೆ ಅಲ್ಲಿ ಯಾರೂ ಮೇಲಕ್ಕೆ ಹೋಗುತ್ತಿಲ್ಲ. ಹೊಸ ಯೆರೂಸಲೇಮ್ ಎಂಬ ನಗರವೇ ದೇವರ ಬಳಿಯಿಂದ ಇಳಿದು ಬರುತ್ತದೆ. ದೇವರು ಮನುಷ್ಯರ ನಡುವೆ ವಾಸ ಮಾಡುತ್ತಾನೆ, ಅವರ ಕಣ್ಣೀರನ್ನು ಒರೆಸುತ್ತಾನೆ, ಸಾವು ಇಲ್ಲವಾಗುತ್ತದೆ. ಕಥೆ ಮುಗಿಯುವುದು ಹೀಗಾದರೆ ಅದರ ಮೊದಲನ್ನೂ ನಡುವನ್ನೂ ಬೇರೆ ಬಗೆಯಲ್ಲಿ ಓದಬೇಕಾಗುತ್ತದೆ.

ಮೊದಲಿನಿಂದ ಬರೋಣ. ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಬೆಳಕು, ಭೂಮಿ, ಗಿಡಮರ, ಪ್ರಾಣಿಪಕ್ಷಿಗಳನ್ನು ಉಂಟುಮಾಡುತ್ತ ಒಳ್ಳೆಯದೆಂದು ಕಾಣುತ್ತಾನೆ. ಮನುಷ್ಯನನ್ನೂ ಸೃಷ್ಟಿಸಿ ಮುಗಿಸಿದ ಮೇಲೆ ಎಲ್ಲವೂ ಬಹಳ ಒಳ್ಳೆಯದೆಂದು ಕಾಣುತ್ತಾನೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನೂ ಗ್ನಾಸ್ಟಿಕ್ ಪಂಗಡಗಳವರೂ ಈ ತೀರ್ಪನ್ನು ಒಪ್ಪಲಿಲ್ಲ. ಇಷ್ಟು ನೋವು ತುಂಬಿದ ಜಗತ್ತನ್ನು ಮಾಡಿದವನು ಪರಮ ದೇವರಾಗಿರಲಾರ, ಯಾವುದೋ ಕೀಳು ಶಕ್ತಿಯಾಗಿರಬೇಕು ಎಂಬುದು ಅವರ ವಾದ. ಜಡವಸ್ತುವಿನ ಸೆರೆಯಿಂದ ಆತ್ಮ ಬಿಡಿಸಿಕೊಳ್ಳುವುದೇ ಮುಕ್ತಿ ಎಂದು ಗ್ನಾಸ್ಟಿಕರು ಸಾರಿದರು. ಸಭೆ, ಅಂದರೆ ಕ್ರೈಸ್ತರ ಚರ್ಚ್, ಅದನ್ನು ಖಡಾಖಂಡಿತವಾಗಿ ತಳ್ಳಿಹಾಕಿತು. ಹಾಗಾಗಿ ಪತನವೆಂದರೆ ಆತ್ಮ ಮೇಲಿನ ಲೋಕದಿಂದ ಜಾರಿ ದೇಹದೊಳಗೆ ಬಿದ್ದದ್ದು ಎಂದು ಅರ್ಥವಲ್ಲ. ಆದಾಮನನ್ನು ರೂಪಿಸಿದ್ದೇ ಮಣ್ಣಿನಿಂದ. ಏದೆನ್ ತೋಟವನ್ನು ವ್ಯವಸಾಯ ಮಾಡಿ ಕಾಯುವ ಕೆಲಸವೂ ಪತನಕ್ಕೆ ಮೊದಲೇ ಅವನ ಪಾಲಿಗೆ ಬಂದಿತ್ತು. ಮೈ, ಮಣ್ಣು, ದುಡಿಮೆ ಯಾವುದೂ ಶಿಕ್ಷೆಯಲ್ಲ.

ಮೂರನೆಯ ಅಧ್ಯಾಯದ ಘಟನೆ ಎಲ್ಲರಿಗೂ ಗೊತ್ತು. ಆದರೆ ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಪಾಲು ಚಿತ್ರಕಾರರ ಕೊಡುಗೆ. ಹಣ್ಣು ಸೇಬೆಂದು ಅಲ್ಲಿ ಬರೆದಿಲ್ಲ. ಸರ್ಪವನ್ನು ಸೈತಾನನೆಂದೂ ಕರೆದಿಲ್ಲ. ಆ ಗುರುತು ಬಹಳ ಕಾಲದ ಮೇಲಿನ ಬರಹಗಳದು. ಅಲ್ಲಿರುವುದು ಒಂದು ಅಪ್ಪಣೆ ಮತ್ತು ಒಂದು ಅನುಮಾನ. ಆ ಒಂದು ಮರದ ಹಣ್ಣು ಬೇಡವೆಂದ ದೇವರು ನಿಮ್ಮಿಂದ ಏನನ್ನೋ ಮುಚ್ಚಿಡುತ್ತಿದ್ದಾನೆ, ತಿಂದರೆ ನೀವೂ ದೇವರಂತೆ ಆಗುವಿರಿ ಎಂದು ಸರ್ಪ ಕಿವಿಯೂದುತ್ತದೆ.

ತಿಂದ ಮೇಲೆ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಮೊದಲು ಅವರು ಅಂಜೂರದ ಎಲೆಗಳನ್ನು ಹೊಲಿದು ಮೈ ಮರೆಮಾಡಿಕೊಳ್ಳುತ್ತಾರೆ. ಸಂಜೆ ತಂಗಾಳಿಯ ಹೊತ್ತಿನಲ್ಲಿ ದೇವರು ತೋಟದಲ್ಲಿ ಅಡ್ಡಾಡುವ ಸಪ್ಪಳ ಕೇಳಿ ಮರಗಳ ನಡುವೆ ಅಡಗುತ್ತಾರೆ. 'ಎಲ್ಲಿದ್ದೀ?' ಎಂದು ದೇವರು ಕೂಗುತ್ತಾನೆ. ತಿಂದೆಯಾ ಎಂದು ಕೇಳಿದರೆ ಆದಾಮ ನೇರ ಉತ್ತರ ಕೊಡುವುದಿಲ್ಲ: ನನ್ನ ಜೊತೆಗಿರಲೆಂದು ನೀನು ಕೊಟ್ಟೆಯಲ್ಲ, ಆ ಹೆಂಗಸು ಕೊಟ್ಟಳು, ತಿಂದೆ ಎನ್ನುತ್ತಾನೆ. ಒಂದೇ ಉಸಿರಿನಲ್ಲಿ ಹೆಂಡತಿಯ ಮೇಲೂ ದೇವರ ಮೇಲೂ ತಪ್ಪು ಹೊರಿಸಿದ್ದಾಯಿತು. ಹವ್ವ ಸರ್ಪದ ಕಡೆ ಬೆರಳು ತೋರಿಸುತ್ತಾಳೆ. ಬಳಿಕ ನೆಲವೂ ಮುನಿಯುತ್ತದೆ: ಮುಳ್ಳು, ಕಳೆ, ಹಣೆಯ ಬೆವರು, ಕೊನೆಗೆ ಮಣ್ಣಿಗೆ ಮಣ್ಣು. ದೇವರೊಂದಿಗೆ, ಸಂಗಾತಿಯೊಂದಿಗೆ, ತಮ್ಮ ಮೈಯೊಂದಿಗೆ, ನೆಲದೊಂದಿಗೆ ಇದ್ದ ನಂಟುಗಳು ಒಂದರ ಹಿಂದೊಂದು ಹರಿಯುತ್ತವೆ. ಮುಂದಿನ ಅಧ್ಯಾಯದಲ್ಲೇ ಅವರ ಮಕ್ಕಳಲ್ಲಿ ಅಣ್ಣ ತಮ್ಮನನ್ನು ಕೊಲ್ಲುತ್ತಾನೆ. ಕ್ರೈಸ್ತರು ಪತನವೆನ್ನುವುದು ಈ ಇಡೀ ಮುರಿತವನ್ನು.

ಶಾಪಗಳ ಗದ್ದಲದಲ್ಲಿ ಕಣ್ತಪ್ಪಿ ಹೋಗುವ ಒಂದು ಸಾಲೂ ಅಲ್ಲಿದೆ. ತೋಟದಿಂದ ಹೊರಡಿಸುವ ಮುನ್ನ ದೇವರು ಅವರಿಬ್ಬರಿಗೂ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ. ನನ್ನ ಮಟ್ಟಿಗೆ ವಿಮೋಚನೆಯ ಕಥೆ ಅಲ್ಲಿಂದಲೇ ಶುರು. ಎರಡನೆಯ ಶತಮಾನದ ಕೊನೆಯಲ್ಲಿ ಇಂದಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ ಬಿಷಪ್ ಆಗಿದ್ದ ಐರೇನಿಯಸ್ ಗಡೀಪಾರನ್ನೂ ಕರುಣೆಯೆಂದೇ ಓದಿದ: ಕೆಟ್ಟ ಸ್ಥಿತಿಯಲ್ಲಿರುವ ಮನುಷ್ಯ ಜೀವವೃಕ್ಷದ ಹಣ್ಣನ್ನೂ ತಿಂದು ಚಿರಂಜೀವಿಯಾದರೆ ಅವನ ಪಾಪಕ್ಕೂ ಸಾವಿರುವುದಿಲ್ಲ.

ಭಾರತೀಯ ದರ್ಶನಗಳ ಪರಿಚಯವಿರುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅದ್ವೈತದಲ್ಲಿ ಬಂಧನದ ಮೂಲ ಅವಿದ್ಯೆ, ಆದ್ದರಿಂದ ಬಿಡುಗಡೆ ಜ್ಞಾನದಿಂದ. ಕ್ರೈಸ್ತ ದೃಷ್ಟಿಯಲ್ಲಿ ತಿಳಿವಳಿಕೆಗಿಂತ ಹೆಚ್ಚಾಗಿ ಕೆಟ್ಟಿರುವುದು ಇಚ್ಛೆ. ಬಯಸುವ ಒಳ್ಳೆಯದನ್ನು ಮಾಡಲಾರೆ, ಬೇಡವಾದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಮೊದಲ ಶತಮಾನದ ಕ್ರೈಸ್ತ ಪ್ರಚಾರಕ ಪೌಲ ರೋಮಾಪುರದವರಿಗೆ ಬರೆದ, ಬೈಬಲ್ಲಿನಲ್ಲಿ ಸೇರಿರುವ ಪತ್ರದಲ್ಲಿ ಗೋಳಾಡುತ್ತಾನೆ. 'ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ' ಎಂದು ದುರ್ಯೋಧನನ ಬಾಯಲ್ಲಿ ಬರುವ ಶ್ಲೋಕ ನೆನಪಿದ್ದವರಿಗೆ ಇದು ಅಪರಿಚಿತವೆನಿಸದು. ಗೊತ್ತಿದ್ದೂ ಕಾಲು ಏಳದವನಿಗೆ ಇನ್ನಷ್ಟು ಬೋಧನೆ ಮಾಡಿ ಪ್ರಯೋಜನವಿಲ್ಲ. ಹೊರಗಿನಿಂದ ಯಾರಾದರೂ ಎತ್ತಬೇಕು. ಕೃಪೆ ಎಂಬ ಮಾತಿಗೆ ಕ್ರೈಸ್ತರು ಅಷ್ಟು ಜೋತುಬೀಳುವುದು ಇದರಿಂದಲೇ.

ಇಚ್ಛೆಯ ಈ ರೋಗವನ್ನು ಅಗಸ್ಟೀನನಷ್ಟು (354–430) ಹತ್ತಿರದಿಂದ ಕಂಡವರು ಕಡಿಮೆ. ಇಂದಿನ ಅಲ್ಜೀರಿಯದಲ್ಲಿರುವ ಹಿಪ್ಪೋ ನಗರದ ಬಿಷಪ್ ಆಗಿದ್ದ ಆತ ತನ್ನ ಆತ್ಮಕಥನದಲ್ಲಿ ಹದಿನಾರನೆಯ ವಯಸ್ಸಿನ ಒಂದು ಕಳ್ಳತನವನ್ನು ಪುಟಗಟ್ಟಲೆ ಕೆದಕುತ್ತಾನೆ. ಪುಂಡ ಗೆಳೆಯರೊಂದಿಗೆ ರಾತ್ರಿ ಹೊತ್ತು ನೆರೆಯವರ ಪೇರ್ ಮರವನ್ನು ಅಲುಗಿಸಿ ಹಣ್ಣೆಲ್ಲ ಹೊತ್ತೊಯ್ದರು. ಹಸಿವಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಅವನ ಬಳಿಯೇ ಇತ್ತು. ಒಂದಿಷ್ಟು ಕಚ್ಚಿ ಉಳಿದದ್ದನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಕದ್ದದ್ದೇಕೆ? ಕದಿಯಬಾರದು ಎಂಬುದಕ್ಕೇ. ಇಂಥ ಬಯಕೆಗೆ ಬೇರು ಎಲ್ಲಿಯದು ಎಂದು ಹುಡುಕುತ್ತ ಆತ ಆದಾಮನವರೆಗೆ ಹೋದ: ಆದಾಮನೊಂದಿಗೆ ಇಡೀ ಮನುಕುಲವೇ ಬಿದ್ದಿತು, ಆ ದೋಷವೂ ಅದರ ಅಪರಾಧವೂ ಹುಟ್ಟಿನೊಂದಿಗೇ ಬರುತ್ತವೆ. ಜನ್ಮಪಾಪ ಎಂಬ ಸಿದ್ಧಾಂತ ಪಶ್ಚಿಮದ ಸಭೆಗಳಲ್ಲಿ ಬೇರೂರಿದ್ದು ಹೀಗೆ. ಆತನ ಎದುರಾಳಿ ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲೇಜಿಯಸ್. ಆದಾಮ ಕೆಟ್ಟ ಮೇಲ್ಪಂಕ್ತಿ ಹಾಕಿಕೊಟ್ಟನಷ್ಟೆ, ಮನಸ್ಸು ಮಾಡಿದರೆ ಮನುಷ್ಯ ಆಜ್ಞೆಗಳನ್ನು ಪಾಲಿಸಬಲ್ಲ ಎಂಬುದು ಅವನ ನಿಲುವು. 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಆ ನಿಲುವನ್ನು ಖಂಡಿಸಿತು.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಪೆಲೇಜಿಯಸನನ್ನೂ ಒಪ್ಪಲಿಲ್ಲ, ಅಗಸ್ಟೀನನ ಹಿಂದೆಯೂ ಪೂರ್ತಿ ಹೋಗಲಿಲ್ಲ. ಅವರ ಪ್ರಕಾರ ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ಸಾವಿನ ಭಯ. ಆ ಭಯದಿಂದಲೇ ನಾವು ಪಾಪ ಮಾಡುತ್ತೇವೆ, ಆದರೆ ಆದಾಮನ ಅಪರಾಧ ನಮ್ಮದಲ್ಲ. ಅಜ್ಜ ಸಾಲಕ್ಕೆ ಹೊಲ ಕಳೆದ ಎನ್ನೋಣ. ಆ ಸಾಲಪತ್ರದಲ್ಲಿ ಮೊಮ್ಮಗನ ಸಹಿಯೂ ಇದೆ ಎಂಬುದು ಅಗಸ್ಟೀನನ ವಾದ. ಸಹಿ ಅಜ್ಜನದು ಮಾತ್ರ, ಆದರೆ ಹೊಲವಿಲ್ಲದ ಮನೆಯಲ್ಲಿ ಹುಟ್ಟಿದ ಕಷ್ಟ ಮೊಮ್ಮಗನಿಗೆ ತಪ್ಪಿದ್ದಲ್ಲ ಎಂಬುದು ಪೂರ್ವದವರದು. ಇದು ಬರೀ ಪಂಡಿತರ ಜಗಳವಲ್ಲ. ದೀಕ್ಷಾಸ್ನಾನವಾಗುವ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ಮೊದಲೇ ಸತ್ತ ಹಸುಗೂಸಿನ ಗತಿಯೇನು ಎಂದು ಪಶ್ಚಿಮದ ಎಷ್ಟೋ ತಲೆಮಾರಿನ ತಾಯಂದಿರು ನಡುಗಿದ್ದಾರೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವತಾಶಾಸ್ತ್ರ ಆಯೋಗ, ಅಂಥ ಮಕ್ಕಳಿಗೂ ರಕ್ಷಣೆಯಿದೆ ಎಂದು ಆಶಿಸಲು ಗಟ್ಟಿ ಕಾರಣಗಳಿವೆ ಎಂದು ಹೇಳಿತು. ಅಂದ ಹಾಗೆ, ಇದೇ ಅಧ್ಯಾಯವನ್ನು ಕ್ರೈಸ್ತರಿಗಿಂತ ಬಹಳ ಮೊದಲಿನಿಂದ ಓದುತ್ತ ಬಂದಿರುವ ಯೆಹೂದಿಗಳು ಅದರಿಂದ ಜನ್ಮಪಾಪದ ಸಿದ್ಧಾಂತವನ್ನು ಕಟ್ಟಲಿಲ್ಲ.

ಆದಾಮ ನಿಜವಾಗಿ ಇದ್ದನೇ? ವಿಕಾಸವಾದ ಹೇಳುವಂತೆ ಮನುಷ್ಯನಿಗಿಂತ ಕೋಟ್ಯಂತರ ವರ್ಷ ಮೊದಲೇ ಭೂಮಿಯ ಮೇಲೆ ಸಾವಿತ್ತು. ಕೆಲವು ಸಭೆಗಳು ಆದಿಕಾಂಡವನ್ನು ಅಕ್ಷರಶಃ ಇತಿಹಾಸವೆಂದು ಹಿಡಿಯುತ್ತವೆ. ಆದಾಮನ ಹೆಸರಿನಲ್ಲಿ ಪ್ರತಿಯೊಬ್ಬರ ಕಥೆಯನ್ನೂ ಹೇಳಿದೆ ಎನ್ನುವವರು ಇನ್ನೊಂದು ಕಡೆ. ನಡುವೆ ನಿಂತವರೂ ಇದ್ದಾರೆ. ಪತನ ಯಾವಾಗ ನಡೆಯಿತೆಂಬುದರಲ್ಲಿ ಒಮ್ಮತವಿಲ್ಲ. ನಾವೀಗ ಬಿದ್ದಿದ್ದೇವೆ ಎಂಬುದರಲ್ಲಿ ತಕರಾರಿಲ್ಲ.

ಇನ್ನು ವಿಮೋಚನೆ. ಪೌಲನ ಪತ್ರಗಳಲ್ಲಿ ಯೇಸು ಆದಾಮನಿಗೆ ಎದುರಾಗಿ ನಿಲ್ಲುವ ಕಡೆಯ ಆದಾಮ. ಐರೇನಿಯಸ್ ಈ ಎಳೆಯನ್ನು ಹಿಡಿದು ಇಡೀ ಕಥೆಯನ್ನೇ ನೇಯ್ದ: ಆದಾಮ ಎಡವಿದ ದಾರಿಯನ್ನು ಯೇಸು ಹುಟ್ಟಿನಿಂದ ಸಾವಿನವರೆಗೆ ಮತ್ತೆ ನಡೆದು ಸರಿಪಡಿಸಿದ, ಹವ್ವಳ ಅವಿಧೇಯತೆ ಹಾಕಿದ ಗಂಟನ್ನು ಯೇಸುವಿನ ತಾಯಿ ಮರಿಯಳ ವಿಧೇಯತೆ ಬಿಚ್ಚಿತು. ಏದೆನ್ ತೋಟದಲ್ಲಿ ಮುರಿದ ಮಾತನ್ನು ಸೆರೆಯಾಗುವ ಮುನ್ನ ಗೆತ್ಸೆಮನೆಯ ತೋಟದಲ್ಲಿ ಯೇಸು 'ನಿನ್ನ ಚಿತ್ತದಂತೆಯೇ ಆಗಲಿ' ಎಂದು ಉಳಿಸಿಕೊಂಡ. ಸಮಾಧಿಯಿಂದ ಎದ್ದವನನ್ನು ಮಗ್ದಲದ ಮರಿಯಳು ಮೊದಲು ಕಂಡದ್ದೂ ಒಂದು ತೋಟದಲ್ಲೇ, ಅದೂ ಅವನನ್ನು ತೋಟಗಾರನೆಂದು ಭಾವಿಸಿ. ಯೆರೂಸಲೇಮಿನ ಪವಿತ್ರ ಸಮಾಧಿಯ ಚರ್ಚಿನಲ್ಲಿ ಶಿಲುಬೆ ನೆಟ್ಟ ಜಾಗವೆಂದು ನಂಬುವ ಬಂಡೆಯ ಅಡಿಯಲ್ಲಿ ಆದಾಮನ ಹೆಸರಿನ ಒಂದು ಸಣ್ಣ ಗುಡಿಯಿದೆ. ಗಾಜಿನ ಹಿಂದೆ ಬಂಡೆಯ ಬಿರುಕು ಕಾಣುತ್ತದೆ. ಯೇಸುವಿನ ರಕ್ತ ಆ ಬಿರುಕಿನ ಮೂಲಕ ಕೆಳಗಿದ್ದ ಆದಾಮನ ತಲೆಬುರುಡೆಯ ಮೇಲೆ ತೊಟ್ಟಿಕ್ಕಿತು ಎಂಬುದು ಐತಿಹ್ಯ.

ಆದರೆ ಒಬ್ಬನ ಸಾವಿನಿಂದ ಎಲ್ಲರ ಬಿಡುಗಡೆ ಹೇಗೆ? ಯೇಸು ಯಾರು ಎಂಬುದನ್ನು 451ರ ಕ್ಯಾಲ್ಸೆಡನ್ ಮಹಾಸಭೆಯವರೆಗೆ ಜಗಳವಾಡಿ ಪದ ಪದವಾಗಿ ತೂಗಿ ನಿರ್ಧರಿಸಿದ ಸಭೆ, ಶಿಲುಬೆ ಹೇಗೆ ರಕ್ಷಿಸುತ್ತದೆ ಎಂಬುದನ್ನು ಹಾಗೆ ಸೂತ್ರೀಕರಿಸಲೇ ಇಲ್ಲ. ಹಾಗಾಗಿ ವಿವರಣೆಗಳು ಬೆಳೆದವು. ಶಿಲುಬೆ ಸೈತಾನನ ಸೆರೆಯಿಂದ ಬಿಡಿಸಲು ತೆತ್ತ ಈಡು ಎಂದರು ಮೊದಲ ಶತಮಾನಗಳವರು. ದೇವರು ಸೈತಾನನಿಗೆ ಹಣ ಎಣಿಸಿಕೊಡುವುದೇ ಎಂದು ನಾಲ್ಕನೆಯ ಶತಮಾನದ ಬಿಷಪ್ ನಾಜಿಯಾನ್ಜಿನ ಗ್ರೆಗೊರಿ ಸಿಡಿಮಿಡಿಗೊಂಡ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್ 1098ರಲ್ಲಿ ಮುಗಿಸಿದ ಗ್ರಂಥದಲ್ಲಿ ಊಳಿಗಮಾನ್ಯ ಕಾಲದ ಭಾಷೆಯಿದೆ: ಪಾಪದಿಂದ ದೇವರ ಗೌರವಕ್ಕೆ ಕುಂದಾಯಿತು, ಅದನ್ನು ತುಂಬಿಕೊಡಬೇಕಾದವನು ಮನುಷ್ಯ, ತುಂಬಿಕೊಡಬಲ್ಲವನು ದೇವರು ಮಾತ್ರ, ಆದ್ದರಿಂದ ದೇವರೇ ಮನುಷ್ಯನಾಗಬೇಕಾಯಿತು. ಶಿಲುಬೆಯಲ್ಲಿ ಕಂಡ ಪ್ರೀತಿ ನಮ್ಮ ಹೃದಯವನ್ನು ಕರಗಿಸುತ್ತದೆ ಎಂದ 12ನೆಯ ಶತಮಾನದ ಪ್ಯಾರಿಸಿನ ಪಂಡಿತ ಅಬೆಲಾರ್ಡ್. ಕಾನೂನು ಓದಿದ್ದ 16ನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಅದನ್ನು ನ್ಯಾಯಾಲಯಕ್ಕೆ ಒಯ್ದ: ನಮಗೆ ಆಗಬೇಕಿದ್ದ ಶಿಕ್ಷೆಯನ್ನು ಯೇಸು ಅನುಭವಿಸಿದ. ಇಂದು ನಮ್ಮ ಪ್ರೊಟೆಸ್ಟೆಂಟ್ ಸಭೆಗಳ ಉಪದೇಶಗಳಲ್ಲಿ ಹೆಚ್ಚಾಗಿ ಕೇಳುವುದು ಈ ಕೊನೆಯದೇ. ಅದೊಂದನ್ನೇ ಹಿಡಿದು ಉಳಿದವನ್ನು ಕೈಬಿಟ್ಟರೆ, ಕೋಪಗೊಂಡ ತಂದೆ ನಿರಪರಾಧಿ ಮಗನನ್ನು ಹೊಡೆದು ಸಮಾಧಾನಗೊಂಡ ಎಂಬ ವಿಕಾರ ಚಿತ್ರ ಉಳಿಯುತ್ತದೆ. ಕ್ಯಾಲ್ವಿನ್ ಹೇಳಿದ್ದು ಅದಲ್ಲ. ದೇವರು ನಮ್ಮನ್ನು ಮೊದಲೇ ಪ್ರೀತಿಸಿದ್ದರಿಂದಲೇ ಮಗನನ್ನು ಕೊಟ್ಟ ಎಂದು ಆತನೂ ಒತ್ತಿ ಹೇಳುತ್ತಾನೆ.

ವಾದಗಳು ಬಿಡಿಸಲಾಗದ್ದನ್ನು ಒಂದು ಚಿತ್ರ ತೋರಿಸುತ್ತದೆ. ಇಸ್ತಾಂಬುಲಿನ ಕೋರಾ ಚರ್ಚಿನ (ಈಗ ಅದು ಕಾರಿಯೆ ಮಸೀದಿ) ಪಕ್ಕದ ಗುಡಿಯ ಗೋಡೆಯಲ್ಲಿ 14ನೆಯ ಶತಮಾನದ ಆರಂಭದ ಭಿತ್ತಿಚಿತ್ರವಿದೆ. ಬಿಳಿಯುಡುಗೆಯ ಕ್ರಿಸ್ತ ಕಾಲು ಅಗಲಿಸಿ ನಿಂತಿದ್ದಾನೆ. ಪಾದದಡಿಯಲ್ಲಿ ಮೃತ್ಯುಲೋಕದ ಬಾಗಿಲುಗಳು ಕಿತ್ತು ಬಿದ್ದಿವೆ, ಬೀಗಗಳೂ ಕೀಲಿಗಳೂ ಚೆಲ್ಲಾಪಿಲ್ಲಿಯಾಗಿವೆ, ಕತ್ತಲೆಯಲ್ಲಿ ಕಟ್ಟಿಹಾಕಿದ ಒಂದು ಆಕೃತಿ ಬಿದ್ದಿದೆ. ಒಂದು ಕೈಯಲ್ಲಿ ಆದಾಮನನ್ನೂ ಇನ್ನೊಂದು ಕೈಯಲ್ಲಿ ಹವ್ವಳನ್ನೂ ಶವಪೆಟ್ಟಿಗೆಗಳಿಂದ ಮೇಲಕ್ಕೆ ಸೆಳೆಯುತ್ತಿದ್ದಾನೆ. ಅವರ ಅಂಗೈ ಹಿಡಿದಿಲ್ಲ, ಮಣಿಕಟ್ಟು ಹಿಡಿದಿದ್ದಾನೆ. ಅವರು ಹಿಡಿದುಕೊಳ್ಳಬೇಕಿಲ್ಲ, ಹಿಡಿತವೆಲ್ಲ ಅವನದೇ. ಪೆಲೇಜಿಯಸನಿಗೆ ಪೂರ್ವದವರು ಕೊಟ್ಟ ಉತ್ತರವನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಕಥೋಲಿಕರು ಇದನ್ನೇ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಆಚರಿಸುತ್ತಾರೆ. ಕರ್ನಾಟಕದ ಚರ್ಚುಗಳಲ್ಲೂ ಅದೇ ವಿಧಿ. ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಆ ವರ್ಷದ ನಾಲ್ಕು ಅಂಕಿಗಳನ್ನು ಕೊರೆದ ದೊಡ್ಡ ಮೇಣದ ಬತ್ತಿಗೆ ಅದರಿಂದ ಜ್ಯೋತಿ ತಾಗಿಸುತ್ತಾರೆ. ಆಗ ಹಾಡುವ ಪ್ರಾಚೀನ ಸ್ತೋತ್ರದಲ್ಲಿ ಆದಾಮನ ಪಾಪವನ್ನು 'ಧನ್ಯ ದೋಷ' ಎಂದೇ ಕೊಂಡಾಡಲಾಗುತ್ತದೆ, ಅಂಥ ವಿಮೋಚಕನನ್ನು ದೊರಕಿಸಿಕೊಟ್ಟಿತಲ್ಲ ಎಂದು. ಆಮೇಲೆ ಓದುವ ಮೊದಲ ಪಾಠ ಆದಿಕಾಂಡದ ಸೃಷ್ಟಿಯ ಅಧ್ಯಾಯ. ಪುನರುತ್ಥಾನದ ರಾತ್ರಿ ಸೃಷ್ಟಿಯ ಕಥೆಯನ್ನೇಕೆ ಓದಬೇಕು? ಸಮಾಧಿ ಬರಿದಾದದ್ದು ಅವರ ಪಾಲಿಗೆ ಎರಡನೆಯ ಸೃಷ್ಟಿಯ ಮೊದಲ ದಿನ.

ಪುನರುತ್ಥಾನವೆಂದರೆ ಆತ್ಮದ ಅಮರತ್ವವಲ್ಲ. ಎದ್ದು ಬಂದ ಯೇಸು ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿನ್ನುತ್ತಾನೆ, ನಂಬದಿದ್ದ ಶಿಷ್ಯ ತೋಮನಿಗೆ ಗಾಯಗಳನ್ನು ತೋರಿಸುತ್ತಾನೆ. ಆದರೆ ಹಳೆಯ ದೇಹವೇ ಹಾಗೆಯೇ ಮರಳಿದ್ದೂ ಅಲ್ಲ; ಮುಚ್ಚಿದ ಬಾಗಿಲಿನ ಕೋಣೆಯಲ್ಲೂ ಕಾಣಿಸಿಕೊಳ್ಳುತ್ತಾನೆ. ಬಿತ್ತಿದ್ದು ಬರೀ ಕಾಳು, ಮೇಲೆದ್ದದ್ದು ಪೈರು ಎಂದು ಪೌಲ ಕೊರಿಂಥದವರಿಗೆ ವಿವರಿಸಿದ. ಅಥೇನ್ಸಿನಲ್ಲಿ ಸತ್ತವರು ಏಳುತ್ತಾರೆಂದು ಹೇಳಿದಾಗ ಕೆಲವರು ನಕ್ಕುಬಿಟ್ಟರು. ಕ್ರೈಸ್ತರು ಮೃತರನ್ನು ಹೂಳುವ ರೂಢಿಗೆ ಈ ನಂಬಿಕೆಯ ಒತ್ತಾಸೆಯಿದೆ. ಪುನರುತ್ಥಾನದ ನಿರಾಕರಣೆ ಅದರ ಉದ್ದೇಶವಲ್ಲದಿದ್ದರೆ ದಹನವೂ ಆಗಬಹುದೆಂದು ವ್ಯಾಟಿಕನ್ ಅನುಮತಿ ಕೊಟ್ಟದ್ದು 1963ರಲ್ಲಿ. ಹಾಗಾದರೆ ಸ್ವರ್ಗ? ಸತ್ತವರು ದೇವರ ಸನ್ನಿಧಿಯಲ್ಲಿರುತ್ತಾರೆ ಎಂದು ಬಹುಪಾಲು ಸಭೆಗಳು ನಂಬುತ್ತವೆ. ಆದರೆ ಅದು ನಡುದಾರಿಯ ತಂಗುದಾಣ. ಸಭೆ ಪಠಿಸುವ ವಿಶ್ವಾಸಪ್ರಮಾಣದ ಕೊನೆಯಲ್ಲಿರುವುದು ಸತ್ತವರ ಪುನರುತ್ಥಾನ ಮತ್ತು ಬರಲಿರುವ ಲೋಕದ ಜೀವನ.

ಎಲ್ಲ ಆಗಿಹೋಗಿದ್ದರೆ ಹೊಲದಲ್ಲಿ ಇನ್ನೂ ಮುಳ್ಳೇಕೆ, ಮನೆಯಲ್ಲಿ ಸಾವೇಕೆ? ಇದಕ್ಕೆ ಪೌಲನ ಉತ್ತರ: ಯೇಸು ಪ್ರಥಮ ಫಲ, ಸುಗ್ಗಿ ಇನ್ನೂ ಬಾಕಿ. ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಆತ ಇನ್ನೂ ಮುಂದೆ ಹೋಗಿ, ಇಡೀ ಸೃಷ್ಟಿಯೇ ಹೆರಿಗೆಯ ಬೇನೆಯಲ್ಲಿ ನರಳುತ್ತಿದೆ ಎನ್ನುತ್ತಾನೆ. ಬೇನೆ ಸಾವಿನದಲ್ಲ, ಹೆರಿಗೆಯದು ಎಂಬುದನ್ನು ಮರೆಯಬಾರದು. ಮನುಷ್ಯನ ಜೊತೆ ನೆಲವೂ ಕೆಟ್ಟಿತ್ತಾದ್ದರಿಂದ ಅವನ ಜೊತೆ ಅದರ ಬಿಡುಗಡೆಯೂ ಆಗಬೇಕು.

ಆ ಬಿಡುಗಡೆಯ ಚಿತ್ರವೇ ಪ್ರಕಟಣೆಯ ಕೊನೆಯ ಎರಡು ಅಧ್ಯಾಯಗಳು. ನಗರದ ಉದ್ದ, ಅಗಲ, ಎತ್ತರ ಒಂದೇ ಸಮ, ದೇವಾಲಯವಿಲ್ಲ, ಹೆಬ್ಬಾಗಿಲು ಮುಚ್ಚುವುದಿಲ್ಲ. ಸಮುದ್ರವೂ ಇಲ್ಲವಂತೆ! ಕರಾವಳಿಯ ಓದುಗರಿಗೆ ಬೇಸರವಾದೀತು, ಆದರೆ ಇಬ್ರಿಯರ ಕಲ್ಪನೆಯಲ್ಲಿ ಸಮುದ್ರ ಅಲ್ಲೋಲಕಲ್ಲೋಲದ, ದುಷ್ಟಶಕ್ತಿಯ ನೆಲೆ. ನಡುವೆ ಹರಿಯುವ ನದಿಯ ದಡದಲ್ಲಿ ಏದೆನಿನ ಜೀವವೃಕ್ಷ ಮತ್ತೆ ಬಂದಿದೆ, ಅದರ ಎಲೆಗಳು ಜನಾಂಗಗಳಿಗೆ ಔಷಧಿ. ಆದರೂ ಇದು ಹಳೆಯ ತೋಟಕ್ಕೆ ಮರಳುವುದಲ್ಲ. ಕಥೆ ತೋಟದಲ್ಲಿ ಶುರುವಾಗಿ ನಗರದಲ್ಲಿ ಮುಗಿಯುತ್ತದೆ, ಮತ್ತು ಭೂರಾಜರು ತಮ್ಮ ವೈಭವವನ್ನು ಅದರೊಳಕ್ಕೆ ತರುತ್ತಾರೆ. ನಡುವಿನ ಮನುಷ್ಯ ಚರಿತ್ರೆ ಪೂರ್ತಿ ಅಳಿಸಿಹೋಗುವುದಿಲ್ಲ ಎಂದಂತಾಯಿತು.

ಎಲ್ಲರೂ ಹೀಗೆ ಓದುವುದಿಲ್ಲ. ಪೇತ್ರನ ಎರಡನೆಯ ಪತ್ರದಲ್ಲಿ ಮೂಲವಸ್ತುಗಳು ಉರಿದು ಲಯವಾಗುವ ಮಾತಿದೆ. ಅದನ್ನು ಹಿಡಿದು 17ನೆಯ ಶತಮಾನದ ಲೂಥರನ್ ಪಂಡಿತರು ಈ ಜಗತ್ತು ಸಂಪೂರ್ಣ ನಾಶವಾಗಿ ಬೇರೆಯದೇ ಬರುತ್ತದೆ ಎಂದರು. ಅದು ಅಕ್ಕಸಾಲಿಗನ ಬೆಂಕಿ, ಸುಡುವುದು ಕಲ್ಮಶವನ್ನಷ್ಟೇ ಎಂಬುದು ಉಳಿದವರ ಓದು. 19ನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಹಬ್ಬಿಸಿದ ಬೋಧನೆಯಂತೆ ಲೋಕಾಂತ್ಯದ ಮಹಾಸಂಕಟಕ್ಕೆ ಮೊದಲೇ ವಿಶ್ವಾಸಿಗಳು ಮೇಲಕ್ಕೆ ಎತ್ತಲ್ಪಡುತ್ತಾರೆ. ಮುಳುಗುವ ಹಡಗಿನ ಹಲಗೆಗೆ ಬಣ್ಣ ಬಳಿಯುವುದೇಕೆ ಎಂಬ ಮನೋಭಾವಕ್ಕೆ ಅದು ಎಡೆಕೊಟ್ಟಿತೆಂಬ ದೂರು ಕ್ರೈಸ್ತರ ನಡುವೆಯೇ ಇದೆ. ಹೊಸ ಲೋಕದಲ್ಲಿ ಯಾರಿರುತ್ತಾರೆ ಎಂಬುದೂ ಬಗೆಹರಿಯದ ಜಗಳ. ಕೊನೆಗೆ ಎಲ್ಲರೂ ರಕ್ಷಣೆ ಹೊಂದುತ್ತಾರೆಂದು ಆಶಿಸಿದ ಓರಿಜನ್ ಸತ್ತು ಮೂರು ಶತಮಾನಗಳಾದ ಮೇಲೆ ಖಂಡನೆಗೆ ಗುರಿಯಾದ. ಹೆಚ್ಚುಕಡಿಮೆ ಅದೇ ಆಶೆ ಹೊತ್ತಿದ್ದ ನಾಲ್ಕನೆಯ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ಸಂತನಾಗಿ ಉಳಿದ.

1967ರಲ್ಲಿ ಇತಿಹಾಸಕಾರ ಲಿನ್ ವೈಟ್ 'ಸೈನ್ಸ್' ಪತ್ರಿಕೆಯಲ್ಲಿ ಪರಿಸರದ ಬಿಕ್ಕಟ್ಟಿಗೆ ಪಾಶ್ಚಾತ್ಯ ಕ್ರೈಸ್ತ ಧರ್ಮದ ಮನೋಭಾವವೂ ಕಾರಣ, ಭೂಮಿಯ ಮೇಲೆ ದೊರೆತನ ಮಾಡಿರಿ ಎಂಬ ಆದಿಕಾಂಡದ ಮಾತು ಲೂಟಿಗೆ ಪರವಾನಗಿಯಾಯಿತು ಎಂದು ಆರೋಪಿಸಿದ. ಆರೋಪದಲ್ಲಿ ಹುರುಳಿತ್ತು, ಚರ್ಚುಗಳಿಗೆ ಅದು ನಾಟಿತು. 1989ರಲ್ಲಿ ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕ್ (ಆರ್ಥೊಡಾಕ್ಸ್ ಸಭೆಯ ಹಿರಿಯ ಧರ್ಮಾಧ್ಯಕ್ಷ) ದಿಮಿತ್ರಿಯೋಸ್ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. ಪರಿಸರದ ಬಗ್ಗೆ ವಿಶ್ವಪತ್ರ ಹೊರಡಿಸಿದ 2015ರಲ್ಲೇ ಪೋಪ್ ಫ್ರಾನ್ಸಿಸ್ ಆ ದಿನವನ್ನು ಕಥೋಲಿಕರಿಗೂ ಅನ್ವಯಿಸಿದರು.

ಈ ನಂಬಿಕೆ ದಿನದ ಬದುಕಿನಲ್ಲಿ ಏನು ಮಾಡಿಸುತ್ತದೆ ಎಂಬುದಕ್ಕೆ ಪೌಲನ ಕೊರಿಂಥ ಪತ್ರದಲ್ಲೇ ಒಂದು ಸುಳಿವಿದೆ. ಅದರ 15ನೆಯ ಅಧ್ಯಾಯದಲ್ಲಿ ಆತ ಪುನರುತ್ಥಾನದ ಬಗ್ಗೆ ಉದ್ದಕ್ಕೂ ವಾದಿಸಿ, ಸಾವೇ ನಿನ್ನ ಕೊಂಡಿ ಎಲ್ಲಿ ಎಂದು ಅಣಕಿಸಿ, ನಿಮ್ಮ ದುಡಿಮೆ ವ್ಯರ್ಥವಾಗದು ಎಂದು ನಿಲ್ಲಿಸುತ್ತಾನೆ. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು, ಮೂಲ ಪತ್ರದಲ್ಲಿ ಅಲ್ಲಿ ಗೆರೆಯಿರಲಿಲ್ಲ. ಮರುಸಾಲಿನಲ್ಲೇ ಚಂದಾ ಹಣದ ವಿಷಯ ಬರುತ್ತದೆ: ಯೆರೂಸಲೇಮಿನ ಬಡವರಿಗಾಗಿ ಪ್ರತಿಯೊಬ್ಬರೂ ವಾರದ ಮೊದಲ ದಿನ ತಮ್ಮ ಸಂಪಾದನೆಗೆ ತಕ್ಕಷ್ಟು ತೆಗೆದಿಡಬೇಕು, ನಾನು ಬಂದ ಮೇಲೆ ವಸೂಲಿಗೆ ಓಡಾಡುವಂತಾಗಬಾರದು.